ಅಕ್ವೇರಿಯಂ ಪೂರ್ತಿ ತೊಳೆದು ಹೊಸ ನೀರು ತುಂಬಿದ ಮೇಲೆ ಮೀನುಗಳು ಸಾಯುವುದೇಕೆ?

ಕೊಳೆಯ ಜೊತೆಗೆ ಮೀನನ್ನು ಕಾಯುವ ಬ್ಯಾಕ್ಟೀರಿಯಾವನ್ನೂ ತೊಳೆದುಹಾಕಿರುತ್ತೀರಿ, ಅದಕ್ಕೇ. ಮೀನಿನ ಹೇಸಿಗೆ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಕಿವಿರು ಸುಡುವ ವಿಷ. ಫಿಲ್ಟರ್ ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ (ಇದೂ ವಿಷವೇ), ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅವು ಸಾಯುತ್ತವೆ, ಮತ್ತೆ ಬೆಳೆಯಲು ವಾರಗಳೇ ಬೇಕು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ: 40 ಲೀಟರ್ ತೊಟ್ಟಿಗೆ 10 ಲೀಟರ್. ಪೈಪಿನಿಂದ ತಳದ ಕಸ ಹೀರಿ ತೆಗೆಯಿರಿ. ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ (ಕ್ಲೋರಿನ್ ಹೋಗಲಾಡಿಸುವ ದ್ರಾವಣ) ಹಾಕಿ. ಸ್ಪಂಜನ್ನು ಹೊರತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಬ್ಯಾಕ್ಟೀರಿಯಾ ಇರುವ ಕಂದು ಲೋಳೆ ಸ್ವಲ್ಪ ಉಳಿಯಬೇಕು. ಸೋಪು ಮುಟ್ಟಿಸಲೇಬೇಡಿ.

ಈಗಾಗಲೇ ತೊಳೆದಾಗಿದೆಯೇ? ಎರಡು ದಿನ ಆಹಾರ ನಿಲ್ಲಿಸಿ, ದಿನಾ ಕಾಲು ಭಾಗ ನೀರು ಬದಲಿಸಿ.