ಸೋಲೇ ಇಲ್ಲದ ಋತು

ಪ್ರಶ್ನೆ: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪುರುಷರ ಐಸ್ ಹಾಕಿ ತಂಡದ ಋತುವಾರು ಪಟ್ಟಿಯಲ್ಲಿ 1969–70ರ ಎದುರು ‘29-0-0’ ಎಂದಿದೆ. ಇದರ ಅರ್ಥವೇನು?

ಉತ್ತರ: ಈ ಅಂಕಿಗಳು ಕ್ರಮವಾಗಿ ಗೆಲುವು, ಸೋಲು ಮತ್ತು ಸಮಬಲದ ಪಂದ್ಯಗಳನ್ನು ಸೂಚಿಸುತ್ತವೆ. ಋತುವು ಶರತ್ಕಾಲದಲ್ಲಿ ಆರಂಭವಾಗಿ ಮರುವರ್ಷ ಮುಗಿಯುವುದರಿಂದ ಎರಡು ಇಸವಿಗಳನ್ನು ಜೋಡಿಸಿ ಬರೆಯುತ್ತಾರೆ.

ಆದರೆ ಆ ಸಾಲನ್ನು ಒಂಟಿಯಾಗಿ ಓದಬೇಡಿ. 1967ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತಂಡ 1969ರ ಅಂತಿಮ ಪಂದ್ಯದಲ್ಲಿ ಡೆನ್ವರ್ ಎದುರು 4–3ರಿಂದ ಸೋತಿತ್ತು. ಅದೇ ವರ್ಷ ಅಸಾಧಾರಣ ಗೋಲ್‌ಕೀಪರ್ ಕೆನ್ ಡ್ರೈಡನ್ ಪದವಿ ಮುಗಿಸಿ ಹೊರಟರು. ಅಂಥ ಆಟಗಾರನನ್ನು ಕಳೆದುಕೊಂಡ ತಂಡ ಕುಸಿಯುವುದೇ ಸಹಜ. ಆದರೂ ನೆಡ್ ಹಾರ್ಕ್‌ನೆಸ್ ಅವರ ತರಬೇತಿಯಲ್ಲಿ ತಂಡವು ಒಂದೂ ಪಂದ್ಯವನ್ನು ಬಿಟ್ಟುಕೊಡದೆ ಲೇಕ್ ಪ್ಲ್ಯಾಸಿಡ್‌ನ ಅಂತಿಮ ಪಂದ್ಯಕ್ಕೆ ಬಂದು ಕ್ಲಾರ್ಕ್‌ಸನ್ ತಂಡವನ್ನು 6–4ರಿಂದ ಮಣಿಸಿತು. ಆ ಪಂದ್ಯದ ಕೊನೆಯ ಅವಧಿಯಲ್ಲಿ ಮೂರು ಗೋಲು ಹೊಡೆದವರು ಮುಂಚೂಣಿಯ ಆಟಗಾರರಲ್ಲ, ರಕ್ಷಣಾ ಆಟಗಾರ ಡ್ಯಾನ್ ಲೊಡ್‌ಬೋವಾ! ಸೋಲೂ ಸಮಬಲವೂ ಇಲ್ಲದೆ ಈ ಪ್ರಶಸ್ತಿ ಗೆದ್ದ ತಂಡ ಅದೊಂದೇ. ಈ ಸಾಧನೆಯನ್ನು ನಾನು ಪ್ರಶಸ್ತಿಗಿಂತಲೂ ದೊಡ್ಡದೆಂದು ಭಾವಿಸುತ್ತೇನೆ.