ಸೀಲ್ ಹೊಸದು, ಸೋರಿಕೆ ಹಳೆಯದು

ಟ್ರ್ಯಾಕ್ಟರ್, ರೋಟಾವೇಟರ್ (ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ಯಂತ್ರ) ಕುರಿತ ಓದುಗರ ಪ್ರಶ್ನೆಗಳಿಗೆ ಗಂಗಾವತಿಯ ಮೇಸ್ತ್ರಿ ಕಾಕಾ ಉತ್ತರ

ಪ್ರಶ್ನೆ: ಕಾಕಾ, ನಮಸ್ಕಾರ್ರೀ. ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ಕೆಳಗ 8 ಎಕರೆ ಭತ್ತದ ಗದ್ದಿ ಅದ. 6 ಅಡಿ ರೋಟಾವೇಟರ್ ಇಟ್ಟೀವಿ. ಅದರ ಸೈಡ್ ಗೇರ್‌ಬಾಕ್ಸಿನ ಕೆಳಗಿನ ಸೀಲ್ (ಆಯಿಲ್ ತಡಿಯೋ ರಬ್ಬರ್ ಬಳಿ) ಸೋರ್ತದ. ಹೋದ ಹಂಗಾಮಿನಾಗ 2 ಸಲ ಸೀಲ್ ಬದಲಿ ಮಾಡ್ಸೀನಿ. 15 ದಿವಸ ಚಲೋ ಇರ್ತದ, ಆಮ್ಯಾಲೆ ಮತ್ತ ಹನಿ ಹನಿ. ಈಗ ಆಯಿಲ್ ಮಜ್ಜಿಗಿ ಬಣ್ಣ ಆಗ್ಯದ. ಊರಾಗ ಒಬ್ಬರು ‘ಆಯಿಲ್ ಯಾಕ ಹಾಕ್ತಿ, ಗ್ರೀಸ್ ತುಂಬಿ ಓಡ್ಸು’ ಅಂತಾರ. ತುಂಬ್ಲೇನ್ರೀ?

ಉತ್ತರ: ತಮ್ಮಾ, ಗ್ರೀಸ್ ತುಂಬಬೇಡ. ಬೇರೆ ಮಾತಿಗಿಂತ ಮುಂಚೆ ಇದನ್ನು ಹೇಳಿಬಿಡುತ್ತೇನೆ. ಕಾಲುವೆಗೆ ನೀರು ಬಿಟ್ಟ ವಾರ ನನ್ನ ಶೆಡ್ಡಿಗೆ ಬರುವ ಹಲ್ಲು ತಿಂದ ಗೇರ್‌ಗಳಲ್ಲಿ ಎಷ್ಟೋ ಇದೇ ಸಲಹೆ ಕೇಳಿ ಕೆಟ್ಟವು. ಸೈಡ್ ಬಾಕ್ಸಿನಲ್ಲಿ ಕೆಳಗಿನ ಗೇರ್ ಆಯಿಲಿನಲ್ಲಿ ಮುಳುಗಿರುತ್ತದೆ. ಅದು ತಿರುಗುತ್ತ ಆಯಿಲನ್ನು ಮೇಲಕ್ಕೆ ಎರಚಿದರೇನೇ ಮೇಲಿನ ಗೇರ್‌ಗೆ, ಬೇರಿಂಗ್‌ಗೆ ಎಣ್ಣೆ ಸಿಗುವುದು. ಗಟ್ಟಿ ಗ್ರೀಸ್ ಹಾಗೆ ಎರಚಿಕೊಳ್ಳುವುದಿಲ್ಲ. ಹಲ್ಲಿನಿಂದ ಸರಿದು ಬಾಕ್ಸಿನ ಗೋಡೆಗೆ ಮೆತ್ತಿಕೊಂಡು ಕೂರುತ್ತದೆ, ಹಲ್ಲುಗಳು ಒಣಗಿಕೊಂಡೇ ಉಜ್ಜುತ್ತವೆ. ಹೊರಗೆ ಸೋರುವುದು ನಿಂತಿರುತ್ತದೆ, ನೀನು ನಿಶ್ಚಿಂತೆಯಿಂದ ಗದ್ದೆ ಹೊಡೆಯುತ್ತಿರುತ್ತೀ, ಒಳಗೆ ಗೇರ್ ಕಾದು ನೀಲಿ ತಿರುಗಿರುತ್ತದೆ. ಸೀಲಿನ ದುಡ್ಡು ಎಲ್ಲಿ, ಗೇರ್ ಸೆಟ್ಟಿನ ದುಡ್ಡು ಎಲ್ಲಿ!

ಮಜ್ಜಿಗೆ ಬಣ್ಣ ಅಂದೆಯಲ್ಲ, ನನಗೆ ಸೋರಿಕೆಗಿಂತ ಹೆಚ್ಚು ಚಿಂತೆ ಅದರದು. ಆಯಿಲ್ ಹೊರಗೆ ಬರುವ ದಾರಿಯಲ್ಲೇ ನೀರು ಒಳಗೆ ಹೋಗಿದೆ. ಕೆಲಸ ಮಾಡಿ ಕಾದ ಬಾಕ್ಸನ್ನು ಗದ್ದೆಯ ನೀರಿನಲ್ಲೇ ಇಳಿಸಿ ಊಟಕ್ಕೆ ಹೋಗುತ್ತೀರಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗುವಾಗ ಸೀಲಿನ ತುಟಿಯ ಸಂದಿಯಿಂದ ಕೆಸರು ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಇನ್ನು ಒಂದು ಸಾಲೂ ಹೊಡೆಯದೆ ಆ ಆಯಿಲ್ ಇಳಿಸು. ಸ್ವಲ್ಪ ಡೀಸೆಲ್ ಹಾಕಿ, ರೋಟರನ್ನು (ಬ್ಲೇಡು ಕೂರಿಸಿದ ತಿರುಗುವ ಶಾಫ್ಟ್) ಕೈಯಿಂದಲೇ ತಿರುಗಿಸಿ ತೊಳೆದು, ಪೂರ್ತಿ ಬಸಿದುಹೋಗಲು ಬಿಡು. ತೊಳೆದ ಡೀಸೆಲ್ ತಳದಲ್ಲಿ ಬೆರಳಾಡಿಸಿ ನೋಡು. ಮಿನುಗುವ ಕಬ್ಬಿಣದ ಚೂರು ಸಿಕ್ಕರೆ ಬೇರಿಂಗ್ ಬಿಚ್ಚಿ ನೋಡದೆ ಗತಿಯಿಲ್ಲ. ಇಳಿಸಿದ ಆಯಿಲನ್ನು ಡಬ್ಬಿಗೆ ತುಂಬಿಡು, ಕಾಲುವೆಗೆ ಚೆಲ್ಲಬೇಡಪ್ಪ. ಅದೇ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ರಾಯಚೂರಿನವರೆಗೂ ಇವೆ.

ಈಗ ಸೀಲ್ ಯಾಕೆ ನಿಲ್ಲುತ್ತಿಲ್ಲ ಅನ್ನುವ ಮಾತು. 15 ದಿನಕ್ಕೆ ಹೋಗುವ ಸೀಲ್ ತಾನಾಗಿ ಹೋಗುವುದಿಲ್ಲ, ಅದನ್ನು ಯಾವುದೋ ಒಂದು ತಿನ್ನುತ್ತಿದೆ. ನಮ್ಮ ಕಡೆ ಆ ಕೆಲಸ ಮಾಡುವುದು ಹೆಚ್ಚಾಗಿ ದಾರ. ಗೊಬ್ಬರದ ಚೀಲದ ನೈಲಾನ್ ಹೊಲಿಗೆ ದಾರ, ಡ್ರಿಪ್ ಪೈಪಿನ ತುಂಡು, ಬದುವಿನ ಮೇಲೆ ಬಿಟ್ಟ ಹಳೇ ಸೀರೆಯ ಸೀಳು, ಭತ್ತದ ಹುಲ್ಲು. ಇವು ರೋಟರ್ ತುದಿಗೆ ಸುತ್ತಿಕೊಂಡು ಹಬ್‌ನ (ರೋಟರ್ ತುದಿಯನ್ನು ಬಾಕ್ಸಿಗೆ ಜೋಡಿಸುವ ಭಾಗ) ಹಿಂದೆ ನುಗ್ಗುತ್ತವೆ. ತಿರುಗುವ ಶಾಖಕ್ಕೆ ನೈಲಾನ್ ಕರಗಿ ಉಂಗುರದಂತೆ ಗಟ್ಟಿಯಾಗಿ ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಹೊರಗಿನಿಂದ ನೋಡಿದರೆ ಬರೀ ಮಣ್ಣು ಮೆತ್ತಿದಂತೆ ಕಾಣುತ್ತದೆ. ಹಬ್ ಬಿಚ್ಚಿ ಚಾಕುವಿನಿಂದ ಕೆರೆದಾಗಲೇ ಅದು ಏನು ಅಂತ ತಿಳಿಯುವುದು. ಸೀಲಿನ ಮುಂದೆ ತಗಡಿನ ರಕ್ಷಣೆ ಬಳೆ ಇದ್ದರೆ ಅದು ಬಾಗಿದೆಯೋ ಕಳೆದುಹೋಗಿದೆಯೋ ನೋಡು. ಬಹಳ ಮಂದಿ ಬಿಚ್ಚಿದಾಗ ಅದನ್ನು ತಿರುಗಿ ಹಾಕುವುದೇ ಇಲ್ಲ.

ದಾರ ಸಿಗದಿದ್ದರೆ ಬ್ರೀದರ್ ನೋಡು. ಬಾಕ್ಸಿನ ಮೇಲ್ಗಡೆ ಸಣ್ಣ ತೂತಿರುವ ಪ್ಲಗ್ ಇರುತ್ತದಲ್ಲ, ಅದೇ. ಇದರ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಕಾರಟಗಿ ಕಡೆಯ ರೈತರೊಬ್ಬರ ರೋಟಾವೇಟರ್‌ಗೆ ಒಂದೇ ಮುಂಗಾರಿನಲ್ಲಿ 3 ಸಲ ಸೀಲ್ ಹಾಕಿದೆ. ಮೂರು ಸಲವೂ ಸೀಲನ್ನೇ ಬೈದೆ, ಅಂಗಡಿ ಬದಲಿಸಿ ತಂದೆ. ಅಷ್ಟರಲ್ಲಿ ಅವರ ಸಸಿಮಡಿಯಲ್ಲಿ ಸಸಿ ಬಲಿತು 40 ದಿನ ದಾಟಿತ್ತು. ನಾಟಿ ತಡವಾಗಿ ಬೆಳೆ ತೆಂಡೆ ಒಡೆಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವರ ಮಗ ತೊಳೆಯುತ್ತ ಮೇಲಿನ ಪ್ಲಗ್ ಸಡಿಲಿಸಿದ, ಒಳಗಿಂದ ಬುಸ್ ಅಂತ ಗಾಳಿ ಬಂತು. ತೂತಿನಲ್ಲಿ ಎರೆಮಣ್ಣು ಒಣಗಿ ಸಿಮೆಂಟಾಗಿತ್ತು. ಬಾಕ್ಸ್ ಕಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಸೀಲನ್ನೇ ದೂಡಿಕೊಂಡು ಆಯಿಲ್ ಹೊರಬರುತ್ತಿತ್ತು. ಪಿನ್ನು ಹಾಕಿ ತೂತು ತೆರೆದ ಮೇಲೆ ಅದೇ ಸೀಲ್ ಆ ವರ್ಷವೆಲ್ಲ ನಿಂತಿತು. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ಆ ಗದ್ದೆ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ಯಾವ ಬಾಕ್ಸ್ ಬಂದರೂ ಪಾನಾ ಹಿಡಿಯುವ ಮುಂಚೆ ನನ್ನ ಕೈ ಬ್ರೀದರ್ ಮೇಲೆ ಹೋಗುತ್ತದೆ.

ಹಬ್ ಬಿಚ್ಚುವ ಮುಂಚೆ ರೋಟರ್ ತುದಿಯ ಕೆಳಗೆ ಸಬ್ಬಲ್ ಕೊಟ್ಟು ಮೇಲೆ ಕೆಳಗೆ ಅಲ್ಲಾಡಿಸಿ ನೋಡು. ಕಟ್ ಅಂತ ಆಡಿದರೆ ಬೇರಿಂಗ್ ಸವೆದಿದೆ. ಶಾಫ್ಟ್ ಕುಣಿಯುತ್ತಿದ್ದರೆ ಎಂಥ ಒಳ್ಳೆಯ ಸೀಲೂ ತಡೆಯಲಾರದು, ಬೇರಿಂಗ್ ಮೊದಲು, ಸೀಲ್ ಆಮೇಲೆ. ಬಿಚ್ಚಿದ ಮೇಲೆ ಸೀಲ್ ಕೂರುವ ಜಾಗದಲ್ಲಿ ಶಾಫ್ಟನ್ನು ಒರೆಸಿ ಉಗುರು ಆಡಿಸು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲಿನ ತುಟಿ ಅದೇ ಕಾಲುವೆಯಲ್ಲಿ ಕೂತು ಮತ್ತೆ ಸೋರುತ್ತದೆ. ಸೀಲ್ ಕೂರುವ ಗುಂಡಿಯಲ್ಲಿ ಜಾಗ ಇದ್ದರೆ ಸೀಲನ್ನು 2 ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ ತುಟಿ ಹೊಸ ಜಾಗಕ್ಕೆ ಬೀಳುವಂತೆ ಮಾಡಬಹುದು. ಇಲ್ಲದಿದ್ದರೆ ಲೇತ್‌ನವರ ಹತ್ತಿರ ಶಾಫ್ಟಿನ ಮೇಲೆ ತೆಳು ಸ್ಲೀವ್ (ಉಕ್ಕಿನ ಕೊಳವೆ) ಕೂರಿಸಿಸು. ನಿನ್ನ ಲಕ್ಷಣ ಕೇಳಿದರೆ ನನ್ನ ಗುಮಾನಿ ದಾರದ ಮೇಲೆ, ಅದು ಬಿಟ್ಟರೆ ಈ ಗೆರೆಯ ಮೇಲೆ.

ಕೂರಿಸುವಾಗ ಮಾಡುವ ತಪ್ಪುಗಳನ್ನೂ ಹೇಳುತ್ತೇನೆ. ಯಂತ್ರವನ್ನು ಹೈಡ್ರಾಲಿಕ್ ಮೇಲೆ ಎತ್ತಿ ಅದರ ಕೆಳಗೆ ಯಾವತ್ತೂ ಕೂರಬೇಡ. ಕಟ್ಟಿಗೆಯ ದಿಮ್ಮಿ ಕೊಟ್ಟು ಅದರ ಮೇಲೆ ಇಳಿಸಿ, ಟ್ರ್ಯಾಕ್ಟರ್ ಬಂದ್ ಮಾಡಿ, ಕೀಲಿ ನಿನ್ನ ಜೇಬಿನಲ್ಲಿಟ್ಟುಕೋ. ಹಳೇ ಸೀಲ್ ಮೇಲೆ ಮೂರು ಅಳತೆ ಇರುತ್ತವೆ: ಒಳಗಿನದು, ಹೊರಗಿನದು, ದಪ್ಪ. ಮೂರೂ ಹೊಂದಬೇಕು, ಹಳೇ ಸೀಲನ್ನೇ ಅಂಗಡಿಗೆ ಒಯ್ಯಿ. ಕೆಸರಿನ ಕೆಲಸಕ್ಕೆ ಎರಡು ತುಟಿಯದೇ ಕೇಳು. ಸ್ಪ್ರಿಂಗ್ ಇರುವ ಮುಖ ಆಯಿಲಿನ ಕಡೆ, ದೂಳು ತಡೆಯುವ ಸಣ್ಣ ತುಟಿ ಹೊರಗಡೆ. ಎರಡು ತುಟಿಯ ನಡುವೆ ಗ್ರೀಸ್ ಮೆತ್ತು (ಗ್ರೀಸ್ ಇರಬೇಕಾದ ಜಾಗ ಇದು), ಒಳ ತುಟಿಗೆ ಆಯಿಲ್ ಸವರು. ಒಣ ಸೀಲ್ ಹಾಕಿದರೆ ಮೊದಲ ನಿಮಿಷದಲ್ಲೇ ತುಟಿ ಸುಡುತ್ತದೆ. ಶಾಫ್ಟಿನ ಸ್ಪ್ಲೈನ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲಿಂದ ಜಾರಿಸು, ಇಲ್ಲವಾದರೆ ಆ ಹಲ್ಲುಗಳೇ ತುಟಿಯನ್ನು ಸೀಳುತ್ತವೆ. ಸುತ್ತಿಗೆಯಿಂದ ಒಂದು ಕಡೆ ಹೊಡೆಯುವ ಅಭ್ಯಾಸ ಬಿಡಬೇಕು. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡು ಇಟ್ಟು, ಅದರ ಮೇಲೆ ಕಟ್ಟಿಗೆ ಇಟ್ಟು, ಸುತ್ತಲೂ ಸಮನಾಗಿ ತಟ್ಟು.

ಆಮೇಲೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಗೇರ್ ಆಯಿಲ್ ಹಾಕು. ಸಾಮಾನ್ಯವಾಗಿ ಅದು 90 ನಂಬರಿನದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಲೆವೆಲ್ ಪ್ಲಗ್ ಬಿಚ್ಚಿಟ್ಟು ತುಂಬು, ಆ ತೂತಿನಿಂದ ಹನಿಯಲು ಶುರುವಾದಾಗ ನಿಲ್ಲಿಸು. ‘ಸೋರಿದರೂ ಇರಲಿ’ ಅಂತ ಮೇಲ್ಮಟ್ಟದವರೆಗೆ ತುಂಬಿದರೆ ಕಾದಾಗ ಅದೇ ಸೀಲಿಗೆ ಭಾರ. ಇಷ್ಟೆಲ್ಲ ಕೆಲಸಕ್ಕೆ ಒಂದು ದಿನ ಬೇಕು. ಮೇ ತಿಂಗಳಲ್ಲಿ ಗದ್ದೆ ಬಿರುಕು ಬಿಟ್ಟಿರುವಾಗ ಮಾಡಿಸಿಕೋ. ನೀರು ಬಿಟ್ಟ ಮೇಲೆ ಬಂದರೆ ನಮ್ಮಂಥವರ ಶೆಡ್ಡಿನಲ್ಲಿ ನಿನ್ನ ಮುಂದೆ ಹತ್ತು ಯಂತ್ರ ನಿಂತಿರುತ್ತವೆ, ಅವಸರದಲ್ಲಿ ಯಾರೂ ಬ್ರೀದರ್ ನೋಡುವುದಿಲ್ಲ.

ಪ್ರಶ್ನೆ: ಅಣ್ಣಾವ್ರೆ, ನಾವು ಸಿರುಗುಪ್ಪದವರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬಾಡಿಗೆ ಟ್ರ್ಯಾಕ್ಟರ್ ವ್ಯವಹಾರ ನಾನೇ ನೋಡ್ಕೊಳ್ತೀನಿ. ಈ ವರ್ಷ ದೊಡ್ಡ ಟ್ರ್ಯಾಕ್ಟರ್ ತಗೊಂಡ್ವಿ, ರೋಟಾವೇಟರ್ ಹಳೇದೇ. ಮೊದಲು ಒಂದು ಹನಿ ಸೋರದ ಮುಂದಿನ ಸೀಲ್, ಶಾಫ್ಟ್ ಜೋಡಿಸೋ ಕಡೆಯದು, ಈಗ ಸೋರ್ತದ. ಎತ್ತುವಾಗ ಕಟಕಟ ಸದ್ದು. ಡ್ರೈವರ್ ಸೀಲ್ ಬದಲಿಸೋಣ ಅಂತಾನೆ.

ಉತ್ತರ: ತಂಗ್ಯವ್ವಾ, ನೀವು ಪ್ರಶ್ನೆಯಲ್ಲೇ ಉತ್ತರ ಬರೆದಿದ್ದೀರಿ. ಬದಲಾದದ್ದು ಟ್ರ್ಯಾಕ್ಟರ್. ಒಂದೊಂದು ಟ್ರ್ಯಾಕ್ಟರ್‌ಗೆ ಪಿಟಿಒದಿಂದ (ಯಂತ್ರಕ್ಕೆ ಶಕ್ತಿ ಕೊಡಲು ಟ್ರ್ಯಾಕ್ಟರ್ ಹಿಂದೆ ತಿರುಗುವ ತುದಿ) ರೋಟಾವೇಟರ್‌ವರೆಗಿನ ದೂರ ಒಂದೊಂದು ಥರ. ಇವೆರಡನ್ನು ಜೋಡಿಸುವ ಹಳೇ ಶಾಫ್ಟ್ ಹೊಸ ಟ್ರ್ಯಾಕ್ಟರಿಗೆ ಉದ್ದವಾಗಿದ್ದರೆ, ಎತ್ತಿ ಇಳಿಸುವಾಗ ಒಳಗಿನ ಕೊಳವೆ ಹೊರಗಿನದರ ತಳಕ್ಕೆ ತಾಗಿ ಗೇರ್‌ಬಾಕ್ಸಿನ ಪಿನಿಯನ್ನನ್ನು (ಸಣ್ಣ ಗೇರ್) ಒಳಕ್ಕೆ ಗುದ್ದುತ್ತದೆ. ಬೇರಿಂಗ್ ಸಡಿಲಾಗಿ ಸೀಲ್ ಸೋರುತ್ತದೆ.

ಟ್ರ್ಯಾಕ್ಟರ್ ಬಂದ್ ಮಾಡಿ, ಶಾಫ್ಟನ್ನು ಎರಡು ತುಂಡಾಗಿ ಬಿಡಿಸಿ, ಒಂದನ್ನು ಪಿಟಿಒಗೆ, ಇನ್ನೊಂದನ್ನು ರೋಟಾವೇಟರ್‌ಗೆ ಹಾಕಿಸಿ. ಎರಡೂ ಅತಿ ಹತ್ತಿರ ಬರುವ ಎತ್ತರದಲ್ಲಿ ಯಂತ್ರವನ್ನು ನಿಲ್ಲಿಸಿ ಕೆಳಗೆ ದಿಮ್ಮಿ ಕೊಟ್ಟು, ತುಂಡುಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ಪ್ರತಿ ತುದಿಯಲ್ಲೂ ಒಂದು ಇಂಚಾದರೂ ಖಾಲಿ ಜಾಗ ಉಳಿಯಬೇಕು. ಉಳಿಯದಿದ್ದರೆ ಎರಡೂ ಕೊಳವೆಗಳನ್ನು, ಮೇಲಿನ ಪ್ಲಾಸ್ಟಿಕ್ ಕವಚವನ್ನು ಸಮನಾಗಿ ಕತ್ತರಿಸಿ, ಅಂಚಿಗೆ ಅರ ಹೊಡೆದು, ಗ್ರೀಸ್ ಹಚ್ಚಿ ಜೋಡಿಸಬೇಕು. ಜೋಡಿಸುವಾಗ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿರಲಿ, ಅಡ್ಡ ಆದರೆ ಇಡೀ ಶಾಫ್ಟ್ ನಡುಗುತ್ತದೆ. ಎತ್ತರಕ್ಕೆ ಎತ್ತುವಾಗ ಪಿಟಿಒ ಬಿಡಿಸಲು ಡ್ರೈವರ್‌ಗೆ ಹೇಳಿ.

ಆ ಕವಚ ಮಾತ್ರ ಒಂದು ದಿನವೂ ಬಿಚ್ಚಿಡಬೇಡಿ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಟವೆಲ್ಲಿನ ತುದಿಯೋ ಸೆರಗೋ ಸಿಕ್ಕರೆ ಕೂಗುವಷ್ಟೂ ಹೊತ್ತು ಸಿಗುವುದಿಲ್ಲ. ಶಾಫ್ಟ್ ಕತ್ತರಿಸುವ ಮುಂಚೆ ಅಳತೆ ಬರೆದು ಕಳಿಸಿ, ನಾನೂ ಒಮ್ಮೆ ನೋಡಿ ಹೇಳುತ್ತೇನೆ.