ಸೀಮೆಸುಣ್ಣ ಯಾರ ಕೈಯಲ್ಲಿ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ದಿವ್ಯ ನನ್ನ ಬಳಿ ಬಂದದ್ದು ಜುಲೈ ತಿಂಗಳ ಒಂದು ಮಳೆರಜೆಯ ದಿನ. ವಯಸ್ಸು 23, ಬಿ.ಎಡ್. ಎರಡನೇ ವರ್ಷ. ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಒಟ್ಟು 20 ವಾರಗಳ ಇಂಟರ್ನ್‌ಶಿಪ್‌ನಲ್ಲಿ ಮೊದಲ ವರ್ಷದ 4 ವಾರ ಸಲೀಸಾಗಿ ಕಳೆದಿತ್ತು. ಉಳಿದ 16ರಲ್ಲಿ ಐದನೇ ವಾರಕ್ಕೇ ಬೆಳಗೆದ್ದರೆ ಹೊಟ್ಟೆ ಹಿಂಡುತ್ತಿತ್ತು. ಭಾನುವಾರ ಸಂಜೆಯಿಂದ ಊಟ ಸೇರುತ್ತಿರಲಿಲ್ಲ.

"ಶಾಲೆ ಬದಲಾಯಿಸಿಕೊಡಿ ಅಂತ ಕಾಲೇಜಿಗೆ ನೀವೇ ಹೇಳಿ ಮೇಡಂ. ಇಲ್ಲಾಂದ್ರೆ ಕೋರ್ಸೇ ಬಿಡ್ತೀನಿ."

ಆಕೆಯ ಮನೆ ಸೋಮವಾರಪೇಟೆ ಕಡೆ, ಶಾಲೆ ವಿರಾಜಪೇಟೆ ಆಚೆ. ಗಣಿತದ ವಿದ್ಯಾರ್ಥಿನಿಗೆ ಗಣಿತದ ಮೇಷ್ಟ್ರು ಎಂದು ಹೊಂದಿಸಿದವರು ಬಸ್ಸನ್ನು ನೋಡಿರಲಿಲ್ಲ. ಮಡಿಕೇರಿಯಲ್ಲಿ ಬಸ್ಸು ಬದಲಿಸಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ಮುಗಿಯಿತು. ವಾರದಲ್ಲಿ ಎರಡು ದಿನವಾದರೂ ತಡ. ಅವಳಿಗೆ ಕೊಟ್ಟದ್ದೋ, ಮೊದಲನೇ ಪೀರಿಯಡ್!

ಶಾಲೆಯಲ್ಲಿ ಅವಳ ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರದ ಮೇಷ್ಟ್ರು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಅವಳು ಒಂದು ಹೆಜ್ಜೆ ತಪ್ಪಿದಾಗ, ಹಿಂದಿನಿಂದ ಎದ್ದು ಬಂದು ಕೈಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ಲೆಕ್ಕ ತಾವೇ ಮುಗಿಸಿದರು. ಮಕ್ಕಳು ನಕ್ಕರು. ಆಮೇಲೆ ಅದೇ ರೂಢಿಯಾಯಿತು. ಇವಳು ಪ್ರತಿ ಸಲ "ಸರಿ ಸರ್" ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು.

ಮೊದಲು ಕೇಳಿದ್ದು, ಅವರು ಬೈಯುತ್ತಾರೆಯೇ, ಕೀಳಾಗಿ ಮಾತಾಡುತ್ತಾರೆಯೇ, ಮೈಮುಟ್ಟುತ್ತಾರೆಯೇ ಎಂದು. ಹಾಗಿದ್ದರೆ ಹೊಂದಾಣಿಕೆಯ ಮಾತೇ ಇಲ್ಲ, ಅದೇ ದಿನ ದೂರು. ಅಂಥದ್ದೇನೂ ಇರಲಿಲ್ಲ. ಆದರೂ ಅವಳ ಮುಖ ನೋಡಿ ಕಾಲೇಜಿಗೆ ಫೋನ್ ಮಾಡಲು ನಾನು ಹೊರಟಿದ್ದೆ. ತಡೆದದ್ದು ಅವಳೇ ಆಡಿದ ಒಂದು ಮಾತು: "ಆದ್ರೆ ಅವರು ಪಾಠ ಮಾಡಿದ್ರೆ ಕೇಳ್ತಾನೇ ಇರಬೇಕು ಮೇಡಂ."

ಏನು ಹಾಗೆಂದರೆ? ಶೇಕಡಾವನ್ನು ಅವರು ಕಾಫಿಯ ಓಟಿಯಿಂದ, ಅಂದರೆ ಒಣಗಿದ ಹಣ್ಣಿನಿಂದ ಎಷ್ಟು ಬೇಳೆ ಸಿಗುತ್ತದೆ ಎಂಬ ಲೆಕ್ಕದಿಂದ, ಶುರು ಮಾಡುತ್ತಾರಂತೆ. 50 ಕೆ.ಜಿ. ಚೆರಿ (ಒಣಹಣ್ಣು) ಚೀಲಕ್ಕೆ 27 ಕೆ.ಜಿ. ಬೇಳೆ ಬಂದರೆ ಎಷ್ಟು ಶೇಕಡಾ? ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ, ಮನೆಯಲ್ಲಿ ಕನ್ನಡವಾಡದ ಹುಡುಗ ಎಲ್ಲರಿಗಿಂತ ಮೊದಲು "54" ಎಂದನಂತೆ. ಇದನ್ನು ಹೇಳುವಾಗ ಅವಳಿಗೆ ಹೊಟ್ಟೆನೋವು ಮರೆತೇ ಹೋಗಿತ್ತು.

ಹಾಗಾಗಿ ಬದಲಾವಣೆಯ ಅರ್ಜಿಯನ್ನು ಎರಡು ವಾರ ಮುಂದೂಡಲು ಹೇಳಿದೆ. ಅಷ್ಟರೊಳಗೆ, ಪಾಠಯೋಜನೆಗೆ ಸಹಿ ಕೇಳುವಾಗ ಬರೀ ಸಹಿ ಕೇಳಬೇಡಿ. "ಇವತ್ತು ನಾನು ಪ್ರಶ್ನೆ ಕೇಳೋ ರೀತಿ ಒಂದನ್ನೇ ಗಮನಿಸಿ ಸರ್" ಅನ್ನಿ. ನೋಡುವುದಕ್ಕೆ ಒಂದೇ ವಿಷಯ ಕೊಟ್ಟರೆ ನೋಡುವವರ ಕೈಯೂ ತಡೆಯುತ್ತದೆ. ಸೀಮೆಸುಣ್ಣದ ವಿಷಯವನ್ನು ಸ್ಟಾಫ್‌ರೂಮಿನಲ್ಲಿ ನಾಲ್ಕು ಜನರ ಮುಂದೆ ಎತ್ತಬೇಡಿ. ಒಬ್ಬರೇ ಸಿಕ್ಕಾಗ, "ತಪ್ಪಾದ್ರೆ ಕೈ ಎತ್ತಿ ಸರ್, ನಾನೇ ನಿಮ್ಮ ಹತ್ರ ಬಂದು ಕೇಳ್ತೀನಿ. ನೀವೇ ಮುಗಿಸಿದ್ರೆ ಮಕ್ಕಳು ಆಮೇಲೆ ನನ್ನ ಮಾತು ಕೇಳಲ್ಲ" ಎಂದಷ್ಟೇ ಹೇಳಿ. ನಾನೇ ಮೇಷ್ಟ್ರಾಗಿ ಕೂತು ಈ ಮಾತನ್ನು ಮೂರು ಸಲ ಆಡಿಸಿದೆ. ಎರಡು ಸಲ "ಸಾರಿ ಸರ್" ಎಂದೇ ಶುರು ಮಾಡಿದಳು. ಆ ಸಾರಿಯನ್ನು ಬಿಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಅವಳ ಒಪ್ಪಿಗೆಯಿಂದ, ಮೇಲ್ವಿಚಾರಣೆಗೆ ಹೋಗುವ ಉಪನ್ಯಾಸಕಿಯ ಜೊತೆಗೂ ಮಾತಾಡಿದೆ. ಮುಂದಿನ ಭೇಟಿಯಲ್ಲಿ ಮೂವರೂ ಕೂತರು. ಮೇಷ್ಟ್ರು ಹೇಳಿದ್ದನ್ನು ಉಪನ್ಯಾಸಕಿ ನನಗೆ ತಿಳಿಸಿದರು: "ನನಗೆ ಬಂದದ್ದು ಒಂದು ಪತ್ರ. ಆಗುತ್ತಾ ಅಂತ ಯಾರೂ ಕೇಳಲಿಲ್ಲ. ಮಾರ್ಗದರ್ಶಕ ಏನು ಮಾಡಬೇಕು ಅಂತಲೂ ಹೇಳಲಿಲ್ಲ. ಮಳೆರಜೆಯಿಂದ ಪೋರ್ಷನ್ ಹಿಂದೆ ಬಿದ್ದಿದೆ, ಈ ಮಕ್ಕಳೇ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ರಿಸಲ್ಟ್ ಬರದಿದ್ರೆ ನೋಟಿಸು ನನಗೆ, ಈ ಹುಡುಗಿಗಲ್ಲ." ಅವಳ ತಡವನ್ನು ಅವರು ಉಡಾಫೆ ಎಂದುಕೊಂಡಿದ್ದರು. ಎರಡು ಬಸ್ಸಿನ ಕತೆ ಆವತ್ತೇ ಗೊತ್ತಾದದ್ದು. ಐದು ವಾರ ಅದನ್ನು ಅವಳೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಮೊದಲನೇ ಪೀರಿಯಡ್ ಮೂರನೆಯದಾಯಿತು. ದಿವ್ಯ ಗೋಣಿಕೊಪ್ಪದಲ್ಲಿ ಚಿಕ್ಕಮ್ಮನ ಮನೆ ಸೇರಿದಳು. ಮೇಷ್ಟ್ರು ಒಮ್ಮೆಲೇ ಬದಲಾದರು ಎಂದೇನೂ ಅಲ್ಲ, ಆಮೇಲೆಯೂ ಎರಡು ಬಾರಿ ಎದ್ದು ಬಂದರಂತೆ. ಎರಡನೇ ಸಲ ಇವಳು ಸೀಮೆಸುಣ್ಣ ಕೊಡಲಿಲ್ಲ. 16 ವಾರವೂ ಮುಗಿಯಿತು.

ಮುಂದಿನ ಬ್ಯಾಚಿನ ಹಂಚಿಕೆ ಪಟ್ಟಿಗೆ ಬಸ್ ಮಾರ್ಗದ ಕಾಲಂ ಸೇರಿಸಿದ್ದಾರೆ ಎಂದು ಉಪನ್ಯಾಸಕಿ ತಿಳಿಸಿದರು. ಮಾರ್ಗದರ್ಶಕರ ಒಪ್ಪಿಗೆಗೆ ಮಾತ್ರ ಇನ್ನೂ ಕಾಲಂ ಇಲ್ಲ. ಕೇಳುತ್ತಲೇ ಇದ್ದೇನೆ.